ಬಡಿತ ಸರಿ ಮಾಡುವ ಮಾತ್ರೆಯೇ ಬಡಿತ ಕೆಡಿಸುತ್ತದೆ ಅಂದರೆ ಏನರ್ಥ?

ತೆಂಗಿನಗರಿ:

ನಮ್ಮಪ್ಪನಿಗೆ 68. ಅರಸೀಕೆರೆ ಹತ್ತಿರ ತೋಟ ನೋಡಿಕೊಂಡು ಇದ್ದಾರೆ. ಹೋದ ವರ್ಷ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುವುದು ಶುರುವಾಯಿತು. ಇಸಿಜಿ ನೋಡಿ ಎ.ಎಫ್. ಅಂದರು, ಅಂದರೆ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ಸುಮ್ನೆ ನಡುಗುತ್ತಾ ಇರುವುದಂತೆ. ಫ್ಲೆಕೈನೈಡ್ ಅಂತ ಒಂದು ಮಾತ್ರೆ, ಜೊತೆಗೆ ಮೆಟೊಪ್ರೊಲಾಲ್, ರಕ್ತ ಹೆಪ್ಪುಗಟ್ಟದೇ ಇರಲು ಇನ್ನೊಂದು. ನಾಲ್ಕು ತಿಂಗಳು ಅಪ್ಪ ಆರಾಮಾಗಿದ್ದರು, ನಾವೂ ಮರೆತೇಬಿಟ್ಟಿದ್ದೆವು.

ಕಳೆದ ತಿಂಗಳು ಬೇರೆ ಡಾಕ್ಟರ ಹತ್ತಿರ ಎಕೋ ಮಾಡಿಸಿದಾಗ, ಯಾವಾಗಲೋ ಗೊತ್ತಾಗದ ಹಾಗೆ ಒಂದು ಹಾರ್ಟ್ ಅಟ್ಯಾಕ್ ಆಗಿಹೋಗಿದೆ, ಅದರ ಕಲೆ ಉಳಿದಿದೆ ಅಂದರು. ಆ ಫ್ಲೆಕೈನೈಡ್ ಅವತ್ತೇ ನಿಲ್ಲಿಸಿದರು. "ಇದು ಸೋಡಿಯಂ ಚಾನೆಲ್ ಮುಚ್ಚುವ ಮಾತ್ರೆ, ಕಲೆ ಇರುವ ಹೃದಯಕ್ಕೆ ಕೂಡದು, ಬಡಿತವನ್ನೇ ಕೆಡಿಸುತ್ತೆ" ಅಂದರು. ಈಗ ಅಮಿಯೋಡರೋನ್ ಕೊಟ್ಟಿದ್ದಾರೆ. ಅದಕ್ಕೆ ಥೈರಾಯ್ಡ್ ಟೆಸ್ಟ್, ಲಿವರ್ ಟೆಸ್ಟ್, ಎದೆಯ ಎಕ್ಸ್‌ರೇ, ಕಣ್ಣಿನ ಡಾಕ್ಟರು. ಹೃದಯದ ಮಾತ್ರೆಗೆ ಕಣ್ಣು ಯಾಕೆ? ಕೇಳೋಣ ಅಂದರೆ ಹೊರಗೆ ಇನ್ನೂ 40 ಜನ ಕೂತಿದ್ದರು, ನಮಗೆ ಸಿಕ್ಕಿದ್ದು ಮೂರು ನಿಮಿಷ.

ಡಾಕ್ಟರ ಮೇಲೆ ಅನುಮಾನ ಇಲ್ಲ, ಮಾತ್ರೆ ಬದಲಾಯಿಸುವ ಯೋಚನೆಯೂ ಇಲ್ಲ. ಅರ್ಥ ಮಾಡಿಕೊಳ್ಳಬೇಕು ಅಷ್ಟೇ. ನಾಲ್ಕು ತಿಂಗಳು ಬಡಿತ ಸರಿ ಇಟ್ಟ ಮಾತ್ರೆ ಅದು ಹೇಗೆ ಬಡಿತ ಕೆಡಿಸುತ್ತದೆ? ತೊಂದರೆ ಇರುವುದು ಮೇಲಿನ ಕೋಣೆಯಲ್ಲಿ ಅಂದಮೇಲೆ ಅಲ್ಲಿಗೆ ಮಾತ್ರ ಕೆಲಸ ಮಾಡುವ ಮಾತ್ರೆ ಇಷ್ಟು ವರ್ಷವಾದರೂ ಯಾಕೆ ಬಂದಿಲ್ಲ?

ಪಿಪೆಟ್‌ಪುಟ್ಟ:

ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಒಂಬತ್ತು ವರ್ಷ ಇದೇ ಚಾನೆಲ್‌ಗಳ ಮೇಲೆ ಔಷಧ ಹಾಕಿ ನೋಡುವ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡಿದುಕೊಂಡು ಓದಿ.

ಅಯಾನ್ ಚಾನೆಲ್ ಅಂದರೆ ಜೀವಕೋಶದ ಗೋಡೆಯಲ್ಲಿರುವ ತೂಬು. ನಿಮ್ಮ ಕಡೆ ಕೆರೆಗೆ ತೂಬು ಇರುತ್ತಲ್ಲ, ನೀರುಗಂಟಿ ಎತ್ತಿದರೆ ನೀರು, ಇಳಿಸಿದರೆ ಇಲ್ಲ. ಇಲ್ಲಿ ನೀರುಗಂಟಿ ಅಂದರೆ ವೋಲ್ಟೇಜು. ಕೋಶದ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟಾಸಿಯಂ ಜಾಸ್ತಿ. ಸೋಡಿಯಂ ತೂಬು ತೆರೆದ ಒಂದೆರಡು ಮಿಲಿಸೆಕೆಂಡಿನಲ್ಲೇ ಕೋಶ ಚಾರ್ಜ್ ಆಗಿ, ಪಕ್ಕದ ಕೋಶವನ್ನೂ ಎಬ್ಬಿಸುತ್ತದೆ. ಆಮೇಲೆ ಕ್ಯಾಲ್ಸಿಯಂ ಒಳಗೆ ಬಂದು ಸ್ನಾಯು ಹಿಂಡುತ್ತದೆ. ಕೊನೆಗೆ ಪೊಟಾಸಿಯಂ ಹೊರಗೆ ಹರಿದು ಕೋಶ ಮತ್ತೆ ತಣ್ಣಗಾಗುತ್ತದೆ. ಕೆಳಗಿನ ಕೋಣೆಯ ಕೋಶದಲ್ಲಿ ಇಷ್ಟೆಲ್ಲ ಮುಗಿಯುವುದಕ್ಕೆ ಸುಮಾರು 200ರಿಂದ 300 ಮಿಲಿಸೆಕೆಂಡ್. ದಿನಕ್ಕೆ ಲಕ್ಷ ಸಲ.

ಈಗ ನಿಮ್ಮ ಮೊದಲ ಪ್ರಶ್ನೆ. ಒಣಹುಲ್ಲಿನ ಬಯಲಿಗೆ ಬೆಂಕಿ ಬಿತ್ತು ಅಂದುಕೊಳ್ಳಿ. ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಆರುತ್ತದೆ, ಹಿಂದಕ್ಕೆ ಬರುವುದಿಲ್ಲ, ಯಾಕೆಂದರೆ ಹಿಂದೆ ಇರುವುದು ಸುಟ್ಟ ನೆಲ. ಹೃದಯದ ಕರೆಂಟೂ ಹೀಗೇ ಓಡುತ್ತದೆ. ಒಮ್ಮೆ ಬಡಿದ ಕೋಶ ಸ್ವಲ್ಪ ಹೊತ್ತು ಮತ್ತೆ ಬಡಿಯಲಾರದು. ನಡುವೆ ಒಂದು ಬಂಡೆ ಇದ್ದರೆ? ಬೆಂಕಿ ಬಂಡೆ ಸುತ್ತಿಕೊಂಡು ಹೊರಟ ಜಾಗಕ್ಕೇ ಬರಬಹುದು. ಜೋರಾಗಿ ಓಡಿ ಬಂದರೆ ಅಲ್ಲಿ ಇನ್ನೂ ಬೂದಿ, ಆರಿಹೋಗುತ್ತದೆ. ನಿಧಾನವಾಗಿ ತೆವಳಿಕೊಂಡು ಬಂದರೆ ಅಷ್ಟರಲ್ಲಿ ಹುಲ್ಲು ಮತ್ತೆ ಬೆಳೆದಿರುತ್ತದೆ, ಹಾಗಾಗಿ ಬೆಂಕಿ ಬಂಡೆ ಸುತ್ತ ಗಿರಗಿರ ತಿರುಗುತ್ತಲೇ ಇರುತ್ತದೆ. ಬಂಡೆ ಅಂದರೆ ಹಾರ್ಟ್ ಅಟ್ಯಾಕಿನ ಕಲೆ. ಫ್ಲೆಕೈನೈಡ್ ಮಾಡುವುದೇ ಬೆಂಕಿಯನ್ನು ನಿಧಾನ ಮಾಡುವ ಕೆಲಸ.

ಹಾಗಾದರೆ ನಾಲ್ಕು ತಿಂಗಳು ಹೇಗೆ ಸರಿ ಇತ್ತು? ಈ ಮಾತ್ರೆ ತೂಬು ತೆರೆದಿದ್ದಾಗಲೇ ಒಳಗೆ ಹೋಗಿ ಕೂರುತ್ತದೆ, ಕೂತರೆ ಬೇಗ ಏಳುವುದೂ ಇಲ್ಲ. ಎ.ಎಫ್.ನಲ್ಲಿ ಮೇಲಿನ ಕೋಣೆ ನಿಮಿಷಕ್ಕೆ 400, 500 ಸಲ ನಡುಗುತ್ತದೆ, ಅಷ್ಟು ಸಲ ಬಾಗಿಲು ತೆರೆದಾಗೆಲ್ಲ ಔಷಧ ಒಳಗೆ ಸೇರಿಕೊಂಡು ಕೊನೆಗೆ ಬೆಂಕಿ ಮುಂದೆ ಹೋಗಲಾರದ ಹಾಗೆ ಮಾಡುತ್ತದೆ. ಮೇಲಿನ ಕೋಣೆಗೆ ಅದು ಒಳ್ಳೆಯದೇ. ಆದರೆ ಕೆಳಗಿನ ಕೋಣೆಯಲ್ಲಿರುವುದೂ ಅದೇ ಸೋಡಿಯಂ ತೂಬು. ಅಲ್ಲಿ ಕಲೆ ಇಲ್ಲದಿದ್ದರೆ ಸಾಮಾನ್ಯವಾಗಿ ಪರವಾಗಿಲ್ಲ, ಇದ್ದರೆ ಕಷ್ಟ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಲಿಡೊಕೈನ್ ಇಂಜೆಕ್ಷನ್ ಇದೆಯಲ್ಲ, ಅದೂ ಸೋಡಿಯಂ ತೂಬು ಮುಚ್ಚುವುದೇ. ಐಸಿಯುನಲ್ಲಿ ಬಡಿತ ಸರಿಮಾಡಲೂ ಅದನ್ನೇ ರಕ್ತನಾಳಕ್ಕೆ ಕೊಡುತ್ತಾರೆ. ಅದು ಕೂತು ಬೇಗ ಎದ್ದುಹೋಗುತ್ತೆ, ಫ್ಲೆಕೈನೈಡ್ ಹಾಗಲ್ಲ. ವ್ಯತ್ಯಾಸ ಇಷ್ಟೇ ಅನ್ನಿಸುತ್ತೆ, ಪರಿಣಾಮ ಮಾತ್ರ ಅಜಗಜಾಂತರ.

ಇದು ಪುಸ್ತಕದ ಲೆಕ್ಕ ಅಂದುಕೊಳ್ಳಬೇಡಿ, ಜನ ಸತ್ತು ತಿಳಿದ ವಿಷಯ. 1980ರ ದಶಕದಲ್ಲಿ ಹಾರ್ಟ್ ಅಟ್ಯಾಕ್ ಆದವರಲ್ಲಿ ನಡುನಡುವೆ ಬರುವ ಹೆಚ್ಚುವರಿ ಬಡಿತಗಳು ಜಾಸ್ತಿ ಇದ್ದರೆ ಹಠಾತ್ ಸಾವು ಜಾಸ್ತಿ ಅಂತ ಗೊತ್ತಿತ್ತು. ಆ ಬಡಿತ ಅಡಗಿಸಿದರೆ ಸಾವು ಕಡಿಮೆಯಾಗಬೇಕು ಅಲ್ವಾ? ಎಲ್ಲರೂ ಹಾಗೇ ನಂಬಿದ್ದರು, ಔಷಧ ಧಾರಾಳವಾಗಿ ಬರೆಯುತ್ತಿದ್ದರು. ಅಮೆರಿಕದಲ್ಲಿ ಕಾಸ್ಟ್ ಅನ್ನುವ ಅಧ್ಯಯನ ಮಾಡಿದರು. ಔಷಧ ಕೊಟ್ಟಾಗ ಯಾರ ಹೆಚ್ಚುವರಿ ಬಡಿತ ಅಡಗಿತೋ ಅಂಥವರನ್ನೇ ಆರಿಸಿಕೊಂಡು, ಅರ್ಧ ಜನಕ್ಕೆ ಅದೇ ಜಾತಿಯ ಎನ್‌ಕೈನೈಡ್ ಇಲ್ಲವೇ ಫ್ಲೆಕೈನೈಡ್, ಇನ್ನರ್ಧ ಜನಕ್ಕೆ ಸುಮ್ನೆ ಸಕ್ಕರೆ ಮಾತ್ರೆಯಂಥದ್ದು. 1989ರಲ್ಲಿ ಆ ಎರಡು ಔಷಧಗಳನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕೊನೆಯ ಲೆಕ್ಕದಲ್ಲಿ ಔಷಧ ತಗೊಂಡ 755 ಜನರಲ್ಲಿ 63 ಸಾವು, ತಗೊಳ್ಳದ 743 ಜನರಲ್ಲಿ 26. ಇಸಿಜಿ ಮಾತ್ರ ಚೆನ್ನಾಗಿತ್ತು.

ನನ್ನ ಕೆಲಸದ ಮೊದಲ ವಾರ ನಮ್ಮ ಬಾಸ್ ಇದನ್ನು ಬೋರ್ಡ್ ಮೇಲೆ ಬರೆದು ಏನೂ ಹೇಳದೆ ಊಟಕ್ಕೆ ಹೋಗಿದ್ದರು. ನಿಮ್ಮ ಡಾಕ್ಟರು ಅವತ್ತೇ ಮಾತ್ರೆ ನಿಲ್ಲಿಸಿದ್ದು ಈ ಲೆಕ್ಕ ನೆನಪಿಟ್ಟುಕೊಂಡು.

ರಾತ್ರಿಪಾಳಿ:

ಮೈಸೂರಲ್ಲಿ ಸಿಸಿಯು, ಅಂದರೆ ಹೃದಯದ ಐಸಿಯು ನರ್ಸ್, 14 ವರ್ಷ ಆಯಿತು. ಅಮಿಯೋಡರೋನ್ ಬಗ್ಗೆ ನಾನು ಹೇಳ್ತೀನಿ, ಇದರ ಜೊತೆ ದಿನಾ ಗುದ್ದಾಡುವವಳು ನಾನು.

ಕಣ್ಣು ಯಾಕೆ, ಥೈರಾಯ್ಡ್ ಯಾಕೆ ಅಂದಿರಲ್ಲ. 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ನೇ ಇದೆ. ಅದರಲ್ಲಿ ಹತ್ತನೇ ಒಂದು ಪಾಲು ದೇಹದಲ್ಲಿ ಬಿಡುಗಡೆಯಾದರೂ 6, 7 ಮಿಲಿಗ್ರಾಂ ಆಯಿತು. ನಮಗೆ ದಿನಕ್ಕೆ ಬೇಕಾಗುವುದು 0.15 ಮಿಲಿಗ್ರಾಂ. ಥೈರಾಯ್ಡ್ ತಲೆ ಕೆಡದೇ ಇರುತ್ತಾ? ಕೆಲವರಿಗೆ ಜಾಸ್ತಿಯಾಗುತ್ತೆ, ಕೆಲವರಿಗೆ ಕಡಿಮೆಯಾಗುತ್ತೆ. ಅದೂ ಅಲ್ಲದೆ ಈ ಔಷಧ ಕೊಬ್ಬಿನಲ್ಲಿ, ಲಿವರಿನಲ್ಲಿ, ಶ್ವಾಸಕೋಶದಲ್ಲಿ, ಕಣ್ಣಿನ ಮೇಲ್ಪದರದಲ್ಲಿ, ಚರ್ಮದಲ್ಲಿ ಹೋಗಿ ಕೂರುತ್ತದೆ. ದೇಹದಲ್ಲಿರುವುದರ ಅರ್ಧ ಹೊರಹೋಗುವುದಕ್ಕೇ ಸುಮಾರು ಎರಡು ತಿಂಗಳು ಬೇಕು. ಇವತ್ತು ನಿಲ್ಲಿಸಿದರೆ ನಾಳೆ ಹೋಗುವ ಗಿರಾಕಿ ಅಲ್ಲ. ಅದಕ್ಕೇ ಶುರುವಿನಲ್ಲಿ ದಿನಕ್ಕೆ ಮೂರು, ಆಮೇಲೆ ಎರಡು, ಆಮೇಲೆ ಒಂದು ಅಂತ ಇಳಿಸಿಕೊಂಡು ಬರುವುದು. ಮೊದಲು ಮೈಯೆಲ್ಲ ತುಂಬಬೇಕು.

ಮನೆಯಲ್ಲಿ ನೀವು ನೋಡಿಕೊಳ್ಳಬೇಕಾದ್ದು ಹೇಳಿಬಿಡ್ತೀನಿ. ಒಣಕೆಮ್ಮು ಬಂದು ನಿಲ್ಲದಿದ್ದರೆ, ಇಲ್ಲ ಮೊದಲು ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ಏದುಸಿರು ಬಂದರೆ, ಶೀತ ಅಂತ ಕಷಾಯ ಕುಡಿಸಿ ಕೂರಬೇಡಿ, ಹೋಗಿ ತೋರಿಸಿ. ತೋಟಕ್ಕೆ ಹೋಗುವವರು ಅಂದಿರಿ, ಬಿಸಿಲಿಗೆ ಟೋಪಿ, ತುಂಬು ತೋಳಿನ ಅಂಗಿ ಹಾಕಿಸಿ, ಈ ಮಾತ್ರೆ ಇದ್ದಾಗ ಬಿಸಿಲು ಬೇಗ ಸುಡುತ್ತೆ. ವರ್ಷಗಟ್ಟಲೆ ತಗೊಂಡ ಕೆಲವರಿಗೆ ಮುಖ ನೀಲಿ ಬೂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿದ್ದೇನೆ. ಥೈರಾಯ್ಡ್, ಲಿವರ್ ಟೆಸ್ಟ್ ಆರು ತಿಂಗಳಿಗೊಮ್ಮೆ, ಚೆನ್ನಾಗಿದ್ದಾರಲ್ಲ ಅಂತ ತಪ್ಪಿಸಬೇಡಿ.

ಇನ್ನೊಂದು, ಇದು ಜಾಸ್ತಿ ಮುಖ್ಯ. ರಕ್ತ ಹೆಪ್ಪುಗಟ್ಟದೇ ಇರಲು ವಾರ್ಫರಿನ್ ತಗೊಳ್ಳುವವರಿಗೆ ಇದು ಸೇರಿದರೆ ರಕ್ತ ಬಹಳ ತೆಳುವಾಗಿಬಿಡುತ್ತೆ, ವಾರ್ಫರಿನ್ ಡೋಸ್ ಇಳಿಸಬೇಕಾಗುತ್ತೆ. ಡಿಗಾಕ್ಸಿನ್ ಅನ್ನುವ ಹೃದಯದ ಮಾತ್ರೆಯ ಡೋಸನ್ನೂ ಹಾಗೇ ಇಳಿಸಬೇಕಾಗುತ್ತೆ. ಅಪ್ಪ ತಗೊಳ್ಳುತ್ತಿರುವ ಎಲ್ಲ ಮಾತ್ರೆಯ ಪಟ್ಟಿ ಮಾಡಿ ಡಾಕ್ಟರಿಗೆ ತೋರಿಸಿ. ಎಲ್ಲ ಅಂದರೆ ಎಲ್ಲ, ಗ್ಯಾಸಿನ ಮಾತ್ರೆಯೂ. ಮತ್ತೆ ಬಡಿತ ಸರಿಯಾಯಿತು ಅಂತ ರಕ್ತ ಹೆಪ್ಪುಗಟ್ಟದ ಮಾತ್ರೆ ನಿಲ್ಲಿಸಬೇಡಿ. ಲಕ್ವ ತಡೆಯುವುದು ಅದು, ಬಡಿತದ ಮಾತ್ರೆ ಅಲ್ಲ. ಇದನ್ನು ಗಲಿಬಿಲಿ ಮಾಡಿಕೊಂಡು ಬಂದವರನ್ನು ಸ್ಟ್ರೆಚರ್ ಮೇಲೆ ನೋಡಿದ್ದೇನೆ.

ಮ್ಯೂನಿಕ್‌ಮಂದಿ:

ಫ್ಲೆಕೈನೈಡನ್ನು ವಿಷ ಅಂದುಕೊಂಡುಬಿಡಬೇಡಿ ಸ್ವಾಮಿ. ನನಗೆ 41, ಎಕೋ ನಾರ್ಮಲ್, ಯಾವ ಬ್ಲಾಕೂ ಇಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಎ.ಎಫ್. ಬರುತ್ತಿತ್ತು. ಮೊದಲ ಸಲ ಆಸ್ಪತ್ರೆಯಲ್ಲೇ ಕೂರಿಸಿ ಕೊಟ್ಟು ನೋಡಿದರು, ಆಮೇಲೆ ಜೇಬಿನಲ್ಲಿ ಇಟ್ಟುಕೊಂಡಿರಿ, ಬಂದಾಗ ಮಾತ್ರ ಒಂದೇ ಸಲಕ್ಕೆ ಇಷ್ಟು ತಗೊಳ್ಳಿ ಅಂದರು. ಎರಡು ಮೂರು ಗಂಟೆಯಲ್ಲಿ ನಿಲ್ಲುತ್ತಿತ್ತು. ಅದಕ್ಕೂ ಮುಂಚೆ ಬೀಟಾ ಬ್ಲಾಕರ್ (ನಿಮ್ಮಪ್ಪನ ಮೆಟೊಪ್ರೊಲಾಲ್ ಥರದ ಮಾತ್ರೆ) ತಗೊಳ್ಳಲೇಬೇಕು ಅಂತ ಕಟ್ಟುನಿಟ್ಟು ಮಾಡಿದ್ದರು, ಯಾಕೆ ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ.

ಆದರೆ ನನ್ನ ಅಭಿಪ್ರಾಯ ಕೇಳಿದರೆ ಮಾತ್ರೆಗಳ ಕಾಲ ಮುಗಿಯಿತು. ಬೋರ್ಡೋದ ಹೆಯ್ಸಗೇರ್ ತಂಡ 1998ರಲ್ಲೇ ತೋರಿಸಿದೆ, ಈ ಕಿಡಿ ಬಹುಪಾಲು ಬರುವುದು ಶ್ವಾಸಕೋಶದಿಂದ ಬರುವ ರಕ್ತನಾಳಗಳ ಬಾಯಿಂದ ಅಂತ. ಅಲ್ಲಿ ಸುತ್ತಲೂ ಸುಟ್ಟು ಗೆರೆ ಹಾಕಿದರೆ ಮುಗೀತು. ನಾನು ಅಬ್ಲೇಶನ್ ಮಾಡಿಸಿಕೊಂಡೆ, ಎರಡು ವರ್ಷದಿಂದ ಏನೂ ಇಲ್ಲ. ಅಪ್ಪನಿಗೂ ಕೇಳಿ ನೋಡಿ.

ಪಿಪೆಟ್‌ಪುಟ್ಟ:

ಬೀಟಾ ಬ್ಲಾಕರ್ ಯಾಕೆ ಅಂದರೆ, ಫ್ಲೆಕೈನೈಡ್ ಕೆಲವೊಮ್ಮೆ 500 ಸಲದ ನಡುಕವನ್ನು 200 ಸಲದ ಸುತ್ತಾಟಕ್ಕೆ ಇಳಿಸಿ ಅಲ್ಲೇ ಬಿಟ್ಟುಬಿಡುತ್ತದೆ. 500 ಬಂದರೆ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಗೇಟು ಬಹಳಷ್ಟನ್ನು ತಡೆಯುತ್ತೆ, 200 ಬಂದರೆ ಅಷ್ಟನ್ನೂ ಕೆಳಗೆ ಬಿಟ್ಟುಬಿಡಬಹುದು. ಆಗ ಕೆಳಗಿನ ಕೋಣೆಯೂ 200ರಂತೆ ಹೊಡೆದುಕೊಳ್ಳುತ್ತದೆ. ಆ ಗೇಟನ್ನು ಬಿಗಿ ಮಾಡಲು ಬೀಟಾ ಬ್ಲಾಕರ್.

ಅಬ್ಲೇಶನ್ ಒಳ್ಳೆಯದೇ, ಆದರೆ "ಮುಗೀತು" ಅನ್ನುವಷ್ಟು ಅಲ್ಲ. 41ರ ನಾರ್ಮಲ್ ಹೃದಯಕ್ಕೂ 68ರ ಕಲೆ ಇರುವ ಹೃದಯಕ್ಕೂ ಒಂದೇ ಮಾತು ಹೇಳಲಾಗುವುದಿಲ್ಲ. ನಮ್ಮಲ್ಲಿ ಚಿಕ್ಕಂದಿನ ಗಂಟಲು ನೋವು, ಕೀಲು ವಾತದಿಂದ ಹೃದಯದ ಕವಾಟ ಕೆಟ್ಟು ಎ.ಎಫ್. ಬರುವವರೂ ಇದ್ದಾರೆ, ಅವರ ಕಥೆಯೇ ಬೇರೆ.

ಹೊಳೆಮತ್ತಿ:

ಇಷ್ಟೊಂದು ಅಡ್ಡ ಪರಿಣಾಮ ಇರುವ ಮಾತ್ರೆಗಿಂತ ಹೊಳೆಮತ್ತಿ ಚಕ್ಕೆ ಕಷಾಯ ಕೊಡಿ. ನಮ್ಮಜ್ಜ ಕುಡಿದೇ 91 ವರ್ಷ ಬದುಕಿದ್ದರು. ಗಿಡಮೂಲಿಕೆಗೆ ಈ ಚಾನೆಲ್ಲು ಪಾನೆಲ್ಲು ತಲೆನೋವಿಲ್ಲ.

ಪಿಪೆಟ್‌ಪುಟ್ಟ:

ಅಣ್ಣಾ, ಗಿಡಕ್ಕೂ ಇದೇ ಚಾನೆಲ್ಲೇ ಗತಿ. ಈ ಔಷಧಗಳ ಕಥೆ ಶುರುವಾದದ್ದೇ ಮರದ ತೊಗಟೆಯಿಂದ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಬರುವುದು ಸಿಂಕೋನಾ ತೊಗಟೆಯಿಂದ, ಬ್ರಿಟಿಷರು 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಯಲ್ಲಿ ನೆಟ್ಟರಲ್ಲ, ಅದೇ ಮರ. ಸುಮಾರು 1912ರಲ್ಲಿ ಹಾಲೆಂಡಿನ ಒಬ್ಬ ವ್ಯಾಪಾರಿ ವೆಂಕೆಬಾಕ್ ಅನ್ನುವ ಹೃದಯತಜ್ಞರ ಹತ್ತಿರ ಬಡಿತ ಏರುಪೇರು ಅಂತ ಹೋದ. ಇದಕ್ಕೆ ಔಷಧ ಇಲ್ಲ ಅಂದರು ಡಾಕ್ಟರು. ನನ್ನ ಹತ್ತಿರ ಇದೆ, ನಾಳೆ ಬೆಳಗ್ಗೆ ಸರಿಮಾಡಿಕೊಂಡು ಬರುತ್ತೇನೆ ಅಂದ. ಬಂದ ಕೂಡ, ನಾಡಿ ಸರಿಯಾಗಿತ್ತು. ತಗೊಂಡದ್ದು ಕ್ವಿನೈನ್. 1918ರಲ್ಲಿ ಬರ್ಲಿನ್ನಿನ ಫ್ರೇ ಅದೇ ತೊಗಟೆಯ ಕ್ವಿನಿಡಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ತೋರಿಸಿದರು. ಅದು ಸೋಡಿಯಂ ತೂಬನ್ನೂ ಮುಚ್ಚುತ್ತೆ, ಪೊಟಾಸಿಯಂ ತೂಬನ್ನೂ ಮುಚ್ಚುತ್ತೆ. ಅಡ್ಡ ಪರಿಣಾಮವೂ ಧಾರಾಳ.

ವತ್ಸನಾಭಿ ಅನ್ನುವ ವಿಷದ ಬೇರು ಕೇಳಿದ್ದೀರಲ್ಲ, ಅದು ಇದರ ಉಲ್ಟಾ. ಸೋಡಿಯಂ ತೂಬು ಮುಚ್ಚದ ಹಾಗೆ ಹಿಡಿದಿಡುತ್ತದೆ, ಬಡಿತ ಹುಚ್ಚೆದ್ದು ಹೋಗುತ್ತದೆ. ನಮ್ಮ ಆಯುರ್ವೇದ ವೈದ್ಯರು ಶುದ್ಧಿ ಮಾಡದೆ ಅದನ್ನು ಮುಟ್ಟುವುದಿಲ್ಲ, ಅವರಿಗೆ ಗೊತ್ತಿತ್ತು. ನಿಮ್ಮಜ್ಜನ ಕಷಾಯಕ್ಕೆ ನಾನು ಏನೂ ಅನ್ನುವುದಿಲ್ಲ. ಆದರೆ ಅಮಿಯೋಡರೋನ್, ರಕ್ತ ಹೆಪ್ಪುಗಟ್ಟದ ಮಾತ್ರೆ ಎರಡೂ ನಡೆಯುತ್ತಿರುವಾಗ ಡಾಕ್ಟರಿಗೆ ಹೇಳದೆ ಬೇಡವೇ ಬೇಡ.

ತೆಂಗಿನಗರಿ:

ಎಲ್ಲರಿಗೂ ಥ್ಯಾಂಕ್ಸ್, ಬೆಂಕಿ ಬಂಡೆಯ ವಿಷಯ ಅಪ್ಪನಿಗೆ ಹೇಳಿದೆ, ಒಂದೇ ಸಲಕ್ಕೆ ಅರ್ಥವಾಯಿತು. "ಬಂಡೆ ನಾವೇ ಕೂಡಿಸಿಕೊಂಡಿದ್ದು ಬಿಡು, ಬೀಡಿ ಸೇದಿ" ಅಂದರು. ಆದರೆ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಅಮಿಯೋಡರೋನ್ ಕಲೆ ಇದ್ದರೂ ಪರವಾಗಿಲ್ಲ ಯಾಕೆ? ಮೇಲಿನ ಕೋಣೆಗೆ ಮಾತ್ರ ಅಂತ ಒಂದು ಯಾಕಿಲ್ಲ?

ಪಿಪೆಟ್‌ಪುಟ್ಟ:

ಬೆಂಕಿ ಆರಿಸಲು ಇನ್ನೊಂದು ದಾರಿ, ಹುಲ್ಲು ನಿಧಾನ ಬೆಳೆಯುವ ಹಾಗೆ ಮಾಡುವುದು. ಪೊಟಾಸಿಯಂ ತೂಬು ಮುಚ್ಚಿದರೆ ಕೋಶ ತಣ್ಣಗಾಗುವುದು ತಡವಾಗುತ್ತದೆ, ಸುತ್ತಿ ಬಂದ ಬೆಂಕಿಗೆ ಬೂದಿಯೇ ಸಿಗುತ್ತದೆ. ಇಸಿಜಿಯಲ್ಲಿ ಕ್ಯೂಟಿ ಉದ್ದವಾಯಿತು ಅನ್ನುತ್ತಾರಲ್ಲ, ಅದು ಇದೇ. ತುಂಬಾ ಉದ್ದವಾದರೆ ಮಾತ್ರ ನಡುವಿನಲ್ಲೇ ಕ್ಯಾಲ್ಸಿಯಂ ತೂಬು ಮತ್ತೆ ತೆರೆದು ಬೇರೆಯೇ ಥರದ ಅಪಾಯದ ಬಡಿತ ಹುಟ್ಟುತ್ತದೆ. ಡಿ-ಸೊಟಲಾಲ್ ಅನ್ನುವ ಅಪ್ಪಟ ಪೊಟಾಸಿಯಂ ಔಷಧವನ್ನು ಹಾರ್ಟ್ ಅಟ್ಯಾಕ್ ಆದವರಿಗೆ ಕೊಟ್ಟು ನೋಡಿದರು, 1996ರಲ್ಲಿ ಫಲಿತಾಂಶ ಬಂತು. ಅಲ್ಲೂ ಔಷಧ ತಗೊಂಡವರಲ್ಲೇ ಸಾವು ಜಾಸ್ತಿ, 5.0 ಪರ್ಸೆಂಟ್, ಇನ್ನೊಂದು ಕಡೆ 3.1. ಇಂಥ ಔಷಧಗಳ ದುರದೃಷ್ಟ ಏನಪ್ಪಾ ಅಂದರೆ ಬಡಿತ ನಿಧಾನ ಇದ್ದಾಗ ಜೋರಾಗಿ ಕೆಲಸ ಮಾಡುತ್ತವೆ, ವೇಗ ಇದ್ದಾಗ ಅಂದರೆ ಬೇಕಾದಾಗ ಸೋಮಾರಿಗಳು.

ಅಮಿಯೋಡರೋನ್ ಒಂದೇ ತೂಬಿಗೆ ಅಂಟಿಕೊಂಡಿಲ್ಲ. ಸೋಡಿಯಂ, ಪೊಟಾಸಿಯಂ, ಕ್ಯಾಲ್ಸಿಯಂ, ಬೀಟಾ, ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಕೈ ಹಾಕುತ್ತದೆ. ಕ್ಯೂಟಿ ಉದ್ದ ಮಾಡಿದರೂ ಆ ಕ್ಯಾಲ್ಸಿಯಂ ಎಡವಟ್ಟು ಕಡಿಮೆ. 1960ರ ದಶಕದಲ್ಲಿ ಬೆಲ್ಜಿಯಂನಲ್ಲಿ ಎದೆನೋವಿಗೆ ಅಂತ ಮಾಡಿದ ಔಷಧ ಇದು, ಬಡಿತಕ್ಕೆ ಅಂತ ಯಾರೂ ಗುರಿಯಿಟ್ಟು ಮಾಡಿದ್ದಲ್ಲ. ಗುರಿಯಿಟ್ಟು ಮಾಡಿದ ಚೊಕ್ಕ ಔಷಧಗಳು ಸೋತವು, ಈ ಗೊಂದಲದ ಗೂಡು ಉಳಿಯಿತು. ಹಾರ್ಟ್ ಅಟ್ಯಾಕ್ ಆದವರಲ್ಲಿ ಇದನ್ನು ಪರೀಕ್ಷಿಸಿದ ಎರಡು ದೊಡ್ಡ ಅಧ್ಯಯನಗಳು 1997ರಲ್ಲಿ ಬಂದವು, ಒಟ್ಟು ಸಾವು ಇಳಿಯಲಿಲ್ಲ, ಆದರೆ ಏರಲೂ ಇಲ್ಲ. ನಿಮ್ಮ ಡಾಕ್ಟರಿಗೆ ಬೇಕಾದ್ದು ಆ "ಏರಲೂ ಇಲ್ಲ" ಅನ್ನುವುದು.

ಮೇಲಿನ ಕೋಣೆಗೆ ಮಾತ್ರ ಅಂತ ಪ್ರಯತ್ನ ನಡೆದೇ ಇದೆ. ಅಲ್ಲಿ ಮಾತ್ರ ಜಾಸ್ತಿ ಇರುವ ಪೊಟಾಸಿಯಂ ತೂಬುಗಳು ಒಂದೆರಡು ಇವೆ. ವರ್ನಕಲಂಟ್ ಅನ್ನುವ ಇಂಜೆಕ್ಷನ್ 2010ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆಯಿತು, ಅಮೆರಿಕ ಒಪ್ಪಲಿಲ್ಲ. ದೊಡ್ಡ ತೊಡಕು ಬೇರೆ ಇದೆ. 1995ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಮೇಕೆಗಳ ಹೃದಯಕ್ಕೆ ಸಾಧನ ಕೂಡಿಸಿ ಮತ್ತೆ ಮತ್ತೆ ಎ.ಎಫ್. ಬರಿಸಿದರು. ಮೊದಮೊದಲು ಕೆಲವು ಸೆಕೆಂಡಿನಲ್ಲಿ ತಾನೇ ನಿಲ್ಲುತ್ತಿದ್ದದ್ದು ಕೊನೆಗೆ ದಿನಗಟ್ಟಲೆ ನಿಲ್ಲದಾಯಿತು. ನಡುಗಿ ನಡುಗಿ ಕೋಶ ತನ್ನ ತೂಬುಗಳನ್ನೇ ಬದಲಾಯಿಸಿಕೊಳ್ಳುತ್ತದೆ, ಕೆಲವು ಕಡಿಮೆ, ಕೆಲವು ಜಾಸ್ತಿ. ಆರೋಗ್ಯವಂತ ಕೋಶದಲ್ಲಿ ನಾವು ಗುರಿಯಿಟ್ಟ ತೂಬು ಕಾಯಿಲೆಯ ಕೋಶದಲ್ಲಿ ಅಷ್ಟೇ ಪ್ರಮಾಣದಲ್ಲಿ ಇರುವುದೇ ಇಲ್ಲ. ನಮ್ಮ ಲ್ಯಾಬಿನ ಡಿಶ್ಶಿನಲ್ಲಿ ಗೆದ್ದ ಎಷ್ಟೋ ಔಷಧ ರೋಗಿಯ ಹತ್ತಿರ ಹೋಗಿ ಸೋಲುವುದು ಇಲ್ಲೇ.

ರಾತ್ರಿಪಾಳಿ ಮೇಡಂ ಗ್ಯಾಸಿನ ಮಾತ್ರೆ ಅಂದರಲ್ಲ, ಅದನ್ನು ಹಗುರವಾಗಿ ತಗೊಳ್ಳಬೇಡಿ. ನಾನು ಒಂಬತ್ತು ವರ್ಷ ಮಾಡಿದ ಕೆಲಸವೇ ಅದು. ಹರ್ಗ್ ಅನ್ನುವ ಒಂದು ಪೊಟಾಸಿಯಂ ತೂಬು ಇದೆ. ಈಥರ್ ತಾಗಿದರೆ ಕಾಲು ಕುಣಿಸುವ ಒಂದು ಜಾತಿಯ ಹಣ್ಣಿನ ನೊಣಕ್ಕೆ ಡ್ಯಾನ್ಸಿನ ಹೆಸರಿಟ್ಟಿದ್ದರು, ಅದರ ಸಂಬಂಧಿ ಮನುಷ್ಯರಲ್ಲಿ ಸಿಕ್ಕಿದ್ದಕ್ಕೆ ಈ ಹೆಸರು. ಇದರ ಒಳಗಿನ ಕೋಣೆ ವಿಶಾಲ, ಗೋಡೆ ಅಂಟು, ದಾರಿಯಲ್ಲಿ ಹೋಗುವ ಔಷಧವೆಲ್ಲ ಬಂದು ಅಂಟಿಕೊಳ್ಳುತ್ತದೆ, ತೂಬು ಮುಚ್ಚಿ ಆ ಕ್ಯೂಟಿ ಉದ್ದವಾಗುತ್ತದೆ. ಅಲರ್ಜಿಯ ಟೆರ್ಫೆನಡಿನ್ ಹೀಗೇ ಮಾರುಕಟ್ಟೆಯಿಂದ ಹೋಯಿತು. ಹೊಟ್ಟೆಯ ಸಿಸಾಪ್ರೈಡನ್ನು ನಮ್ಮ ದೇಶದಲ್ಲಿ 2011ರಲ್ಲಿ ನಿಲ್ಲಿಸಿದರು. ಡೊಂಪೆರಿಡೋನ್ ಇನ್ನೂ ಇದೆ. ಗ್ಯಾಸಿಗೆ ಅಂತ ಬೆಳಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳುವ ಕ್ಯಾಪ್ಸೂಲ್‌ಗಳಲ್ಲಿ ಎಷ್ಟೋ ಸಲ ಪ್ಯಾಂಟೊಪ್ರಜೋಲ್ ಜೊತೆ ಅದೂ ಸೇರಿರುತ್ತೆ. ವಾಂತಿಗೆ ಮಾತ್ರ, ಅದೂ ಸಾಮಾನ್ಯವಾಗಿ ಒಂದು ವಾರಕ್ಕಿಂತ ಜಾಸ್ತಿ ಬೇಡ ಅಂತ ಯುರೋಪಿನಲ್ಲಿ 2014ರಲ್ಲೇ ಹೇಳಿದ್ದಾರೆ. ಅಮಿಯೋಡರೋನ್ ಜೊತೆ ಅದು ಕೂಡದು. ಅಜಿತ್ರೋಮೈಸಿನ್, ಲಿವೋಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್ಕನ್ನೂ ಮೆಡಿಕಲ್‌ನಲ್ಲಿ ಕೇಳಿ ತಗೊಳ್ಳಬೇಡಿ. ಭೇದಿ ಜಾಸ್ತಿಯಾಗಿ ಪೊಟಾಸಿಯಂ ಇಳಿದಿದ್ದರೆ ಇನ್ನೂ ಅಪಾಯ.

ತೆಂಗಿನಗರಿ:

ಈಗಷ್ಟೇ ಅಮ್ಮನಿಗೆ ಫೋನ್ ಮಾಡಿ ಅಪ್ಪನ ಮಾತ್ರೆ ಡಬ್ಬಿ ತೆಗೆಸಿದೆ. ಒಂದೊಂದೇ ಸ್ಟ್ರಿಪ್ಪಿನ ಫೋಟೊ ಕಳಿಸಿದರು. ಪ್ಯಾಂಟೊಪ್ರಜೋಲ್ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಡೊಂಪೆರಿಡೋನ್ 30 ಮಿಲಿಗ್ರಾಂ. ಎರಡು ವರ್ಷದಿಂದ ದಿನಾ ಬೆಳಗ್ಗೆ ತಗೊಳ್ಳುತ್ತಿದ್ದಾರಂತೆ. ಯಾವತ್ತೋ ಹೊಟ್ಟೆ ಉಬ್ಬರಿಸಿದಾಗ ಅಂಗಡಿಯವರು ಕೊಟ್ಟಿದ್ದು, ಅಲ್ಲಿಂದ ಹಾಗೇ ನಡೆದಿದೆ. ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಂದರೆ, "ಅದು ಮಾತ್ರೆ ಅಲ್ವಲ್ಲೋ, ಗ್ಯಾಸಿಂದು" ಅಂತಾರೆ.

ರಾತ್ರಿಪಾಳಿ:

ನೋಡಿದ್ರಾ. ಸೋಮವಾರದವರೆಗೆ ಕಾಯಬೇಡಿ, ಆಸ್ಪತ್ರೆಗೆ ಈಗಲೇ ಫೋನ್ ಮಾಡಿ ಈ ಸ್ಟ್ರಿಪ್ಪಿನ ಹೆಸರು ಹೇಳಿ, ನಾಳೆ ಬೆಳಗ್ಗೆ ಅದನ್ನು ಕೊಡಬೇಕೋ ಬೇಡವೋ ಕೇಳಿ, ಇಸಿಜಿ ಯಾವಾಗ ಅಂತಲೂ ಕೇಳಿ. ತಲೆಸುತ್ತು ಬಂದರೆ, ಕಣ್ಣು ಕತ್ತಲೆ ಬಂದರೆ ಫೋನ್ ಗೀನ್ ಅಂತ ಕೂರದೆ ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ತೆಂಗಿನಗರಿ:

ಮಾಡಿದೆ. ಡ್ಯೂಟಿ ಡಾಕ್ಟರ್ ಸಿಕ್ಕರು. ಅದನ್ನು ಇವತ್ತಿಂದಲೇ ನಿಲ್ಲಿಸಿ, ನಾಳೆ ಒಂಬತ್ತಕ್ಕೆ ಇಸಿಜಿಗೆ ಕರೆದುಕೊಂಡು ಬನ್ನಿ, ಪೊಟಾಸಿಯಂ ಕೂಡ ನೋಡೋಣ ಅಂದರು. ಅಪ್ಪ ಡಬ್ಬಿ ಸಮೇತ ಬರುತ್ತಾರೆ.